ಆಡಕಿಯ ಬಿಸಿಲು ಮತ್ತು ಅಕ್ಕನ ಮನೆಯ ಮೀನು

ಬೆಂಗಳೂರಿನಿಂದ ಊರಿಗೆ ಹೊರಟರೆ ನನ್ನ ಬ್ಯಾಗಿನಲ್ಲಿ ಇರೋದು ಲ್ಯಾಪ್‌ಟಾಪ್, ಎರಡು ಜೊತೆ ಬಟ್ಟೆ, ಒಂದಿಷ್ಟು ಬೇಕರಿ ತಿಂಡಿ. ಕಳೆದ ಮೇ ತಿಂಗಳಲ್ಲಿ ಮಾತ್ರ ಇಡೀ ರಾತ್ರಿ ರೈಲಿನಲ್ಲಿ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಕೂತಿದ್ದೆ. ಒಳಗೆ ನಾಲ್ಕು ಕೆಂಪು ಸ್ವಾರ್ಡ್‌ಟೇಲ್ ಮೀನು. ಗಂಡು ಮೀನಿನ ಬಾಲದ ತುದಿ ಕತ್ತಿಯಂತೆ ಚಾಚಿಕೊಂಡಿರುತ್ತದೆ, ಅದಕ್ಕೇ ಆ ಹೆಸರು. ಆಡಕಿಯಲ್ಲಿರುವ ಅಕ್ಕನ ಮಗಳು ಆರು ತಿಂಗಳಿಂದ ಕೇಳುತ್ತಿದ್ದಳು.

ವಾಡಿಯಲ್ಲಿ ಇಳಿದಾಗ ಇನ್ನೂ ಬೆಳಗಿನ ಹೊತ್ತು, ಆಗಲೇ ಬೆವರು. ಅಲ್ಲಿಂದ ಚಿತ್ತಾಪುರ, ಮಳಖೇಡ ದಾಟಿ ಸೇಡಂ ಕಡೆಗೆ ಹೋಗುವ ದಾರಿ ನಮಗೆ ಕಣ್ಣು ಮುಚ್ಚಿದರೂ ಗೊತ್ತು. ಸಿಮೆಂಟ್ ಕಾರ್ಖಾನೆಗಳ ಚಿಮಣಿ, ಒಂದರ ಮೇಲೊಂದು ಪೇರಿಸಿಟ್ಟ ಪರ್ಸಿ ಕಲ್ಲು, ಕಾಗಿಣಾ ದಂಡೆಯ ಕೋಟೆ, ತೊಗರಿ ಕಿತ್ತು ಖಾಲಿಯಾದ ಕರಿ ಹೊಲ. ಈ ನೆಲದಡಿ ಇರೋದೆಲ್ಲ ಸುಣ್ಣದ ಕಲ್ಲು. ನಮ್ಮ ಬೋರಿನ ನೀರಿನಲ್ಲಿ ಬೇಳೆ ಬೇಯೋದು ತಡ, ಸಾಬೂನು ನೊರೆ ಬರೋದು ಕಷ್ಟ. ಮೀನಿಗೂ ಇದೇ ನೀರು ಅನ್ನೋದು ಆವತ್ತು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮನೆ ಮುಟ್ಟಿದಾಗ ಮಧ್ಯಾಹ್ನ. ಪಡಸಾಲೆಯಲ್ಲಿ ಎರಡು ಅಡಿಯ ಗಾಜಿನ ತೊಟ್ಟಿ, ಅಂಚಿನ ತನಕ ನೀರು. ಹುಡುಗಿ ಕುಣಿಯುತ್ತಿದ್ದಳು. ನಾನೂ ತಡಮಾಡದೆ ಚೀಲ ಬಿಚ್ಚಿ ಮೀನನ್ನು ಸೀದಾ ತೊಟ್ಟಿಗೆ ಸುರಿದುಬಿಟ್ಟೆ. ಗಾಜಿನ ಮುಚ್ಚಳ ಹಾಕಿದೆವು.

ಆ ರಾತ್ರಿ ಕರೆಂಟ್ ಹೋಯಿತು. ಒಳಗೆ ಮಲಗೋದು ಸಾಧ್ಯವೇ ಇರಲಿಲ್ಲ. ಎಲ್ಲರೂ ಹಾಸಿಗೆ ಹೊತ್ತು ಮಾಳಿಗೆ ಹತ್ತಿದೆವು.

ಬೆಳಿಗ್ಗೆ ಕೆಳಗೆ ಮೊದಲು ಇಳಿದವಳು ಅವಳೇ. ಒಂದು ಮೀನು ತೊಟ್ಟಿಯಿಂದ ನಾಲ್ಕು ಅಡಿ ದೂರದಲ್ಲಿ ಪರ್ಸಿ ಮೇಲೆ ಒಣಗಿ ಅಂಟಿಕೊಂಡಿತ್ತು. ಅವಳು ಅಳಲಿಲ್ಲ. ತೊಟ್ಟಿಗೆ ಬೆನ್ನು ಹಾಕಿ ಮೂಲೆಯಲ್ಲಿ ಕೂತಳು.

“ಮುಂಜಾನಿಂದ ಏನೂ ತಿಂದಿಲ್ಲ ನೋಡಪಾ ಅಕಿ” ಅಂದಳು ಅಕ್ಕ.

ಪಕ್ಕ ಕೂತು ಕೇಳಿದೆ. ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟಳು. “ನಮಗ ಶಕಿ ಆಗ್ಲಕತ್ತಿತ್ತಲ್ಲ ಮಾಮಾ, ಅವಕ್ಕೂ ಗಾಳಿ ಸಿಗ್ಲಿ ಅಂತ ಮಾಳಿಗಿ ಹತ್ತೂ ಮುಂದ ನಾನೇ ಮುಚ್ಚಳ ತಗದೆ. ನಾನೇ ಸಾಯಿಸ್ದೆ ಹೌದಿಲ್ಲೋ?”

ಏನು ಹೇಳಬೇಕೋ ತೋಚಲಿಲ್ಲ. ಅಂಗಳದಲ್ಲಿ ಕೂತಿದ್ದ ಮುತ್ಯಾ ನನ್ನ ಕರೆದರು. “ಅಕಿಗ್ಯಾಕ ಅನ್ಸಿಕೊಡ್ತೀ? ಬ್ಯಾಸಗಿಗೆ ಕಾಗಿಣಾ ಮಡುವು ಬತ್ತಿದಾಗ ನೋಡಿಲ್ಲೇನು? ನೀರು ಕೆಟ್ರ ಮೀನ ಮ್ಯಾಲ ಬಂದು ಬಾಯಿ ತೆಗಿತಾವ. ಮೊದಲ ನೀರು ನೋಡು.”

ನೋಡಿದೆ. ಉಳಿದ ಮೂರೂ ಮೇಲೆಯೇ ತೇಲುತ್ತಾ ಬಾಯಿ ಆಡಿಸುತ್ತಿದ್ದವು. ಆಗ ಒಂದೊಂದೇ ತಪ್ಪು ಕಾಣತೊಡಗಿತು. ಎಲ್ಲವೂ ನನ್ನವೇ.

ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 35 ಡಿಗ್ರಿಯಲ್ಲಿ ಅದು 7ಕ್ಕೂ ಕೆಳಗೆ ಇಳಿಯುತ್ತದೆ. ಮೇಲೆ ಕರೆಂಟ್ ಇಲ್ಲ, ಗಾಳಿ ಪಂಪು ನಿಂತಿದೆ. ಹೊಸ ಜಾಗದ ಗಾಬರಿ ಬೇರೆ. ಬೆಂಗಳೂರಿನ ನೀರಿನಿಂದ ನಮ್ಮ ಗಡಸು ನೀರಿಗೆ ಒಂದೇ ಏಟಿಗೆ ಸುರಿದಿದ್ದೆ. ನಿಜವಾಗಿ ಮಾಡಬೇಕಾದದ್ದು ಇಷ್ಟೇ: ಚೀಲವನ್ನು 15–20 ನಿಮಿಷ ತೊಟ್ಟಿಯಲ್ಲಿ ತೇಲಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರು ಚೀಲಕ್ಕೆ ಹಾಕಿ, ಅರ್ಧ ತಾಸು ಹೊಂದಿಸಿ ಬಿಡೋದು. ಸ್ವಾರ್ಡ್‌ಟೇಲ್‌ಗೆ ಗಡಸು ನೀರು ಆಗಿಬರುತ್ತದೆ, ಒಮ್ಮೆಲೇ ಬದಲಾದರೆ ಮಾತ್ರ ಆಗದು. ಇಷ್ಟರ ಮೇಲೆ, ಅಂಚಿನ ತನಕ ನೀರು ಇದ್ದರೆ ಹಾರುವ ಮೀನಿಗೆ ತಡೆ ಎಲ್ಲಿದೆ?

ಕೆರೆ, ಹೊಳೆಯಲ್ಲಿ ಮೀನು ಜಿಗಿದರೆ ಮತ್ತೆ ನೀರಿಗೇ ಬೀಳುತ್ತದೆ. ಬೆನ್ನಟ್ಟಿ ಬಂದ ದೊಡ್ಡ ಮೀನಿನಿಂದ ತಪ್ಪಿಸಿಕೊಳ್ಳಲು, ಕೆಟ್ಟ ನೀರಿನಿಂದ ಬೇರೆ ಕಡೆ ಹೋಗಲು ಅದಕ್ಕೆ ಗೊತ್ತಿರುವ ದಾರಿ ಅದು. ಆಚೆ ಪರ್ಸಿ ಇದೆ ಅಂತ ಅದಕ್ಕೇನು ಗೊತ್ತು?

ಇದನ್ನೆಲ್ಲ ಅವಳಿಗೆ ಬಿಡಿಸಿ ಹೇಳಿದೆ. “ನೀ ಮಾಡಿದ್ದು ಅರ್ಧ ಸರೀನೇ ಅದ. ಗಾಜು ಮುಚ್ಚಿದ್ರ ಶಕಿ, ತೆಗೆದ್ರ ಹಾರ್ತಾವ. ನಾವು ಗಾಳಿ ಆಡೋ ಮುಚ್ಚಳ ಮಾಡಮು, ನಡಿ” ಅಂದೆ. ಎದ್ದು ಬಂದಳು.

ಮೊದಲು ಅಕ್ಕನ ಕಾಳಿನ ಜರಡಿ ಇಟ್ಟು ನೋಡಿದೆವು. ಕಬ್ಬಿಣ, ತುಕ್ಕು ಹಿಡಿಯುತ್ತದೆ ಅಂತ ಕೈಬಿಟ್ಟೆವು. ಸೇಡಂಗೆ ಹೋಗಿ ಕಿಟಕಿಗೆ ಹಾಕುವ ಫೈಬರ್ ಸೊಳ್ಳೆ ಜಾಳಿಗೆ ತಂದೆವು. ಮುತ್ಯಾ ನಾಲ್ಕು ಕಟ್ಟಿಗೆ ಪಟ್ಟಿ ಕೂಡಿಸಿ ಚೌಕಟ್ಟು ಮಾಡಿದರು, ಅವಳು ಜಾಳಿಗೆ ಎಳೆದು ಹಿಡಿದಳು, ನಾನು ಮೊಳೆ ಹೊಡೆದೆ. ಪಂಪಿನ ಪೈಪು ಹೋಗುವ ಸಂದನ್ನೂ ಸ್ಪಂಜಿನಿಂದ ಮುಚ್ಚಿದೆವು. ಮೀನು ಹಾರುವುದು ಹೆಚ್ಚಾಗಿ ಇಂಥ ಸಣ್ಣ ಸಂದಿನಿಂದಲೇ. ನೀರನ್ನು ಅಂಚಿನಿಂದ ಮೂರು ಇಂಚು ಕೆಳಗಿಳಿಸಿದೆವು. ಅಡಗಿಕೊಳ್ಳಲು ಒಂದಿಷ್ಟು ನೀರು ಗಿಡ ಬಿಟ್ಟೆವು.

ಜಾಳಿಗೆಯಿಂದ ಇನ್ನೊಂದು ಲಾಭವೂ ಆಯಿತು. ಟೇಬಲ್ ಫ್ಯಾನನ್ನು ತೊಟ್ಟಿಯ ಮೇಲೆ ಹಾಯುವಂತೆ ಇಟ್ಟರೆ ನೀರು ಆವಿಯಾಗಿ ಎರಡು ಮೂರು ಡಿಗ್ರಿ ತಂಪಾಗುತ್ತದೆ. ಗಡಿಗೆಗೆ ಒದ್ದೆ ಬಟ್ಟೆ ಸುತ್ತುತ್ತೇವಲ್ಲ, ಅದೇ ಲೆಕ್ಕ. ನಮ್ಮ ಕಡೆಯ ಒಣ ಬಿಸಿಲಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕಡಿಮೆಯಾದ ನೀರನ್ನು ಆಗಾಗ ತುಂಬಿಸಬೇಕು, ಅಷ್ಟೇ. ಮಧ್ಯಾಹ್ನ ಮಾತ್ರ ನಲ್ಲಿ ತಿರುಗಿಸಬೇಡಿ. ಮಾಳಿಗೆ ಮೇಲಿನ ಕರಿ ಟ್ಯಾಂಕಿನ ನೀರು ಆಗ ಸುಡುತ್ತಿರುತ್ತದೆ. ಹಿಂದಿನ ದಿನವೇ ಬಕೆಟ್ಟಿನಲ್ಲಿ ಹಿಡಿದು ಒಳಗಿಟ್ಟ ನೀರು ಹಾಕಿ.

ಕರೆಂಟ್ ಹೋದರೆ? ಬ್ಯಾಟರಿ ಪಂಪು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಲೋಟದಲ್ಲಿ ತೊಟ್ಟಿಯ ನೀರನ್ನೇ ತೆಗೆದು ಸ್ವಲ್ಪ ಎತ್ತರದಿಂದ ಸುರಿಯುತ್ತಿರಿ, ಗಾಳಿ ಬೆರೆಯುತ್ತದೆ. ಸೆಕೆಯ ದಿನಗಳಲ್ಲಿ ತಿಂಡಿ ಕಡಿಮೆ ಹಾಕಿ. ಉಳಿದ ತಿಂಡಿ ಕೊಳೆತು ಅಮೋನಿಯಾ ಆಗುತ್ತದೆ. ನೀರು ಬಿಸಿಯಾದಷ್ಟೂ, ಕ್ಷಾರೀಯವಾದಷ್ಟೂ ಅದರ ವಿಷ ಜಾಸ್ತಿ. ಕತ್ತಲಲ್ಲಿ ತೊಟ್ಟಿಯ ಲೈಟನ್ನು ದಿಢೀರನೆ ಹಾಕಬೇಡಿ, ಬೆಚ್ಚಿ ಹಾರುತ್ತವೆ. ಮೊದಲು ಕೋಣೆಯ ದೀಪ ಹಾಕಿ. ನೆಲಕ್ಕೆ ಬಿದ್ದ ಮೀನಿನ ಕಿವಿರು ಆಡುತ್ತಿದ್ದರೆ ಕೈ ಒದ್ದೆ ಮಾಡಿಕೊಂಡು ಎತ್ತಿ ನೀರಿಗೆ ಬಿಡಿ. ಉಳಿದರೂ ಉಳಿಯಬಹುದು.

ಸಂಜೆ ಹೊತ್ತಿಗೆ ಮೂರೂ ಮೀನು ಕೆಳಗಿಳಿದು ಗಿಡದ ನಡುವೆ ಓಡಾಡುತ್ತಿದ್ದವು. ಹುಡುಗಿ ತಟ್ಟೆ ಹಿಡಿದುಕೊಂಡು ತೊಟ್ಟಿಯ ಮುಂದೆಯೇ ಕೂತು ರೊಟ್ಟಿ ತಿಂದಳು. ಸತ್ತ ಮೀನನ್ನು ಬೇವಿನ ಗಿಡದ ಬುಡಕ್ಕೆ ಹಾಕಿ ಬಂದಿದ್ದಳಂತೆ. ನಾನು ಕೇಳಲು ಹೋಗಲಿಲ್ಲ.

ಬೆಂಗಳೂರಿಗೆ ವಾಪಸ್ ಬಂದು ಮೂರು ವಾರವಾಗಿತ್ತು. ಮೀಟಿಂಗ್ ನಡುವೆ ಅಕ್ಕನ ನಂಬರಿನಿಂದ ಫೋನು. ಅವಳೇ.

“ಮಾಮಾ, ನಿನ್ನಿ ರಾತ್ರಿ ಜಾಳಿಗಿಗೆ ಟಪ್ ಅಂತ ಬಡೀತು. ಓಡಿ ಹೋಗಿ ನೋಡ್ದೆ. ಹಾರಿತ್ತು, ಖರೆ ತಿರುಗಿ ನೀರಾಗೇ ಬಿದ್ದಿತ್ತು.”

“ಪಂಪು ನಡೀಲಕತ್ತಿತ್ತೇನು?”

“ಕರೆಂಟ್ ಹೋಗಿತ್ತು. ನಾನೂ ಮುತ್ಯಾನೂ ಲೋಟದಾಗ ನೀರು ಹಾಕ್ಕೋತ ಕುಂತಿದ್ವಿ.”