ಕಿರಿಯರ ಕಣದಲ್ಲಿ ಹಿರಿಯರು

ಬೀದಿಯಲ್ಲಿ ಹುಡುಗರು ಆಡುತ್ತಿರುವಾಗ ಮನೆಯ ಹಿರಿಯಣ್ಣ ಬಂದು ಬ್ಯಾಟು ಹಿಡಿದನೆಂದರೆ ಆಟದ ಕಳೆಯೇ ಬೇರೆಯಾಗುತ್ತದೆ. ಮೊದಲ ನಾಲ್ಕು ಚೆಂಡಿಗೆ ಎಲ್ಲರಿಗೂ ಹಿಗ್ಗು. ಆತ ಹೊಡೆದ ಚೆಂಡು ಯಾರ ಮನೆಯ ಹಂಚಿನ ಮೇಲೆ ಬಿತ್ತೆಂದು ನೋಡುವುದೇ ಒಂದು ಹಬ್ಬ. ಆದರೆ ಹೊತ್ತು ಮುಳುಗುವವರೆಗೂ ಆತ ಔಟಾಗದೆ ನಿಂತರೆ ಹುಡುಗರ ಮುಖ ಬಾಡತೊಡಗುತ್ತದೆ. ಅಣ್ಣ ಯಾವ ನಿಯಮವನ್ನೂ ಮುರಿದಿಲ್ಲ. ಆದರೂ ಏನೋ ಅನ್ಯಾಯವಾಗಿದೆಯೆಂದು ಎಲ್ಲರಿಗೂ ಅನ್ನಿಸುತ್ತದೆ. ಇಂಥದೇ ಒಂದು ವ್ಯಾಜ್ಯ ಅಮೆರಿಕದ ಮೋಟಾರು ಪಂದ್ಯಗಳಲ್ಲಿ ದಶಕಗಳಿಂದ ನಡೆದುಬಂದಿದೆ.

ಸ್ಟಾಕ್ ಕಾರ್ ಎಂದರೆ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಸಾಮಾನ್ಯ ಕಾರು ಎಂದು ಮೂಲದ ಅರ್ಥ. ಇಂಥ ಕಾರುಗಳ ಪಂದ್ಯಗಳನ್ನು ಒಂದು ಕಟ್ಟಿಗೆ ತರಲೆಂದು 1948ರಲ್ಲಿ ಫ್ಲಾರಿಡಾದ ಡೇಟೋನಾ ಬೀಚಿನಲ್ಲಿ ಬಿಲ್ ಫ್ರಾನ್ಸ್ ಎಂಬಾತನ ಮುಂದಾಳುತನದಲ್ಲಿ ನ್ಯಾಸ್ಕಾರ್ ಸಂಸ್ಥೆ ಹುಟ್ಟಿತು. ಇಂದಿನ ಪಂದ್ಯದ ಕಾರುಗಳು ಹೊರನೋಟಕ್ಕಷ್ಟೇ ಬೀದಿಯ ಕಾರುಗಳನ್ನು ಹೋಲುತ್ತವೆ. ಸಂಸ್ಥೆಯ ರಾಷ್ಟ್ರೀಯ ಪಂದ್ಯಗಳಿಗೆ ಮೂರು ಮೆಟ್ಟಿಲು. ಎಲ್ಲಕ್ಕೂ ಮೇಲೆ ಕಪ್ ಸರಣಿ. ಅದರ ಕೆಳಗಿನದು 1982ರಲ್ಲಿ ರೂಪುಗೊಂಡ ಸರಣಿ. ಪ್ರಾಯೋಜಕರು ಬದಲಾದಂತೆಲ್ಲ ಬುಷ್, ನೇಷನ್‌ವೈಡ್, ಎಕ್ಸ್‌ಫಿನಿಟಿ ಎಂದು ಅದರ ಹೆಸರೂ ಬದಲಾಯಿತು. ಮೂರನೆಯದು 1995ರಲ್ಲಿ ಆರಂಭವಾದ ಟ್ರಕ್ಕುಗಳ ಸರಣಿ. ಅನೇಕ ವಾರಗಳಲ್ಲಿ ಒಂದೇ ಪಥದ ಮೇಲೆ ಶನಿವಾರ ಎರಡನೆಯ ಸರಣಿಯ ಪಂದ್ಯ, ಭಾನುವಾರ ಕಪ್ ಪಂದ್ಯ. ಭಾನುವಾರದ ಸರದಾರ ಶನಿವಾರವೂ ಕಣಕ್ಕಿಳಿಯಬಹುದೆ ಎಂಬುದೇ ಪ್ರಶ್ನೆ.

ಇಳಿಯಲಿ ಎನ್ನುವವರ ವಾದ ಹುರುಳಿಲ್ಲದ್ದಲ್ಲ. ಹೆಸರಾಂತ ಚಾಲಕ ಬರುವನೆಂದರೆ ಟಿಕೆಟುಗಳು ಖರ್ಚಾಗುತ್ತವೆ. ಪ್ರಾಯೋಜಕರು ಥೈಲಿ ಬಿಚ್ಚುತ್ತಾರೆ. ಕಿರಿಯನಿಗಾದರೋ, ಗಂಟೆಗೆ ನೂರೈವತ್ತು ಮೈಲಿಗೂ ಮಿಕ್ಕಿದ ವೇಗದಲ್ಲಿ ನಿಪುಣನೊಬ್ಬ ತಿರುವನ್ನು ಹೇಗೆ ಹಿಡಿಯುತ್ತಾನೆ, ಟೈರು ಸವೆಯದಂತೆ ಹೇಗೆ ಕಾಯುತ್ತಾನೆ ಎಂಬುದನ್ನು ಹಿಂದೆಯೇ ಓಡುತ್ತ ಕಲಿಯುವ ಅವಕಾಶ. ಉತ್ತಮರೊಡನೆ ಸೆಣಸದೆ ಉತ್ತಮನಾದವನುಂಟೆ? ಈ ಪದ್ಧತಿ ಹೊಸದೂ ಅಲ್ಲ. 1982ರಲ್ಲಿ ಡೇಟೋನಾದಲ್ಲಿ ಎರಡನೆಯ ಸರಣಿಯ ಮೊಟ್ಟಮೊದಲ ಪಂದ್ಯ ನಡೆದಾಗ ಅದನ್ನು ಗೆದ್ದವನು ಡೇಲ್ ಅರ್ನ್‌ಹಾರ್ಟ್. ಆತ ಅದಕ್ಕೆ ಎರಡು ವರ್ಷ ಮೊದಲೇ, 1980ರಲ್ಲಿ, ಕಪ್ ಸರಣಿಯ ಕಿರೀಟ ಧರಿಸಿದ್ದವನು.

ಆದರೆ ಆ ವರ್ಷದ ಕಥೆಗೆ ಇನ್ನೊಂದು ಮುಖವಿದೆ. ಮೊದಲ ಪಂದ್ಯವನ್ನು ಅತಿಥಿ ಗೆದ್ದರೂ ವರ್ಷದ ಕೊನೆಗೆ ಸರಣಿಯ ಪಟ್ಟವೇರಿದವನು ಮನೆಯವನೇ ಆದ ಜಾಕ್ ಇಂಗ್ರಾಮ್. ಉತ್ತರ ಕ್ಯಾರೊಲೈನಾದ ಆಶ್‌ವಿಲ್ಲಿನ ಈತ ಮೇಲಿನ ಮೆಟ್ಟಿಲಿಗಾಗಿ ಹಂಬಲಿಸದೆ, ಆ ಮಟ್ಟದ ಪಂದ್ಯಗಳಲ್ಲೇ ಬಾಳು ಸವೆಸಿದವನು. 1985ರಲ್ಲಿ ಮತ್ತೊಮ್ಮೆ ಪಟ್ಟ ಪಡೆದ. ಒಟ್ಟು 31 ಪಂದ್ಯಗಳನ್ನು ಗೆದ್ದ. 2014ರಲ್ಲಿ ನ್ಯಾಸ್ಕಾರಿನ ಕೀರ್ತಿಮಂದಿರದಲ್ಲಿ ಸ್ಥಾನ ಪಡೆದ. ಅತಿಥಿ ಬಂದು ಉಂಡು ಹೋದನೇ ಹೊರತು ಮನೆಯ ಬೀಗದ ಕೈಯನ್ನು ಕೇಳಲಿಲ್ಲ. ಅಲ್ಲಿಯವರೆಗೆ ಯಾರಿಗೂ ದೊಡ್ಡ ತಕರಾರಿರಲಿಲ್ಲ.

ಬೀಗದ ಕೈ ಅತಿಥಿಯ ಪಾಲಾದದ್ದು ಅನಂತರ. 2006ರಲ್ಲಿ ಕೆವಿನ್ ಹಾರ್ವಿಕ್, 2007ರಲ್ಲಿ ಕಾರ್ಲ್ ಎಡ್ವರ್ಡ್ಸ್, 2008ರಲ್ಲಿ ಕ್ಲಿಂಟ್ ಬೋಯರ್, 2009ರಲ್ಲಿ ಕೈಲ್ ಬುಷ್, 2010ರಲ್ಲಿ ಬ್ರ್ಯಾಡ್ ಕೆಸಲೋವ್ಸ್ಕಿ. ಹೀಗೆ ಐದು ವರ್ಷ ಸತತವಾಗಿ ಎರಡನೆಯ ಸರಣಿಯ ಪಟ್ಟವೇರಿದವರೆಲ್ಲ ಅದೇ ವರ್ಷ ಕಪ್ ಸರಣಿಯಲ್ಲೂ ಪೂರ್ಣಾವಧಿ ಓಡಿಸುತ್ತಿದ್ದವರು. ಪೊದೆಯಲ್ಲಿ ಅಡಗಿ ಮೇಲೆರಗುವವನಿಗೆ ಇಂಗ್ಲಿಷಿನಲ್ಲಿರುವ ಮಾತನ್ನೇ ಸರಣಿಯ ಹೆಸರಿಗೆ ಹೊಂದಿಸಿ, ಅಭಿಮಾನಿಗಳು ಇಂಥವರನ್ನು 'ಬುಷ್‌ವ್ಯಾಕರ್' ಎಂದು ಹಾಸ್ಯ ಮಾಡಿದರು. ಹಾಸ್ಯದ ಹಿಂದೆ ನೋವಿತ್ತು. ವರ್ಷವಿಡೀ ಊರೂರು ಅಲೆದು ಓಡಿಸಿದ ತರುಣನಿಗೆ, ತನ್ನ ತರಗತಿಯಲ್ಲೇ ತಾನು ಮೊದಲಿಗನಾಗುವ ಆಸೆ ಇಲ್ಲದಂತಾಯಿತು.

2011ರಲ್ಲಿ ನ್ಯಾಸ್ಕಾರ್ ಒಂದು ನಿಯಮ ತಂದಿತು. ಚಾಲಕ ಯಾವ ಸರಣಿಯಲ್ಲಿ ಬೇಕಾದರೂ ಓಡಿಸಬಹುದು. ಆದರೆ ಪಟ್ಟಕ್ಕೆ ಎಣಿಕೆಯಾಗುವ ಅಂಕಗಳು ಒಂದೇ ಸರಣಿಯಲ್ಲಿ. ಆ ವರ್ಷವೂ ಮರುವರ್ಷವೂ ರಿಕಿ ಸ್ಟೆನ್‌ಹೌಸ್ ಎಂಬ ಮನೆಯ ಹುಡುಗ ಪಟ್ಟ ಪಡೆದ. ಪಟ್ಟವೇನೋ ಮರಳಿತು, ಗೆಲುವುಗಳು ಮರಳಲಿಲ್ಲ. 2010ರಲ್ಲಿ 13 ಪಂದ್ಯ ಗೆದ್ದಿದ್ದ ಕೈಲ್ ಬುಷ್ 2013ರಲ್ಲಿಯೂ 12 ಗೆದ್ದ. ಕಡೆಗೆ ಸಂಸ್ಥೆ ಪಂದ್ಯಗಳ ಎಣಿಕೆಗೇ ಮಿತಿ ಹಾಕಿತು. ಕಪ್ ಸರಣಿಯಲ್ಲಿ ಐದು ವರ್ಷಕ್ಕೂ ಮಿಕ್ಕಿ ಪಳಗಿದವರಿಗೆ 2017ರಲ್ಲಿ 10 ಪಂದ್ಯ, 2018ರಲ್ಲಿ 7, 2020ರಲ್ಲಿ 5. ಆದರೂ 2021ರಲ್ಲಿ ಕೈಲ್ ಬುಷ್ ತನ್ನ ಪಾಲಿನ ಐದನ್ನೂ ಗೆದ್ದು, ಆ ಸರಣಿಯಲ್ಲಿ ತನ್ನ ಗೆಲುವನ್ನು 102ಕ್ಕೆ ಮುಟ್ಟಿಸಿದ!

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಹಿರಿಯ ಚಾಲಕ ಕೆಳಗಿಳಿಯುವಾಗ ತನ್ನ ಕೈಚಳಕವೊಂದನ್ನೇ ತರುವುದಿಲ್ಲ. ಬಹುಮಟ್ಟಿಗೆ ಸಿರಿವಂತ ತಂಡದ ಕಾರನ್ನೂ ಅದರ ಎಂಜಿನಿಯರುಗಳನ್ನೂ ಜೊತೆಗೇ ತರುತ್ತಾನೆ. ಎದುರಾಳಿಯಾದ ಬಡ ತಂಡದ ತರುಣ ಹಳೆಯ ಎಂಜಿನ್ನನ್ನೂ ಎಣಿಸಿಟ್ಟ ಟೈರುಗಳನ್ನೂ ನೆಚ್ಚಿಕೊಂಡು ಹೊರಡುತ್ತಾನೆ. ಅಂಥವನು ಸೋತಾಗ ಕಲಿಯುವುದೇನು? ಕೌಶಲದ ಪಾಠವಲ್ಲ, ಹಣದ ಪಾಠ. ಆ ಪಾಠ ಅವನಿಗೆ ಮೊದಲೇ ಕಂಠಪಾಠವಾಗಿರುತ್ತದೆ.

ಕಾರು ಸಮನಾದರೆ ಏನಾಗುವುದೆಂಬುದಕ್ಕೆ 2018ರ ಸೆಪ್ಟೆಂಬರ್ ತಿಂಗಳು ಸಾಕ್ಷಿ. ಫ್ಲಾರಿಡಾದ ಆಲ್ವಾ ಎಂಬ ಊರಿನ, ಕಲ್ಲಂಗಡಿ ಬೆಳೆಯುವ ರೈತರ ಮನೆತನದ ರಾಸ್ ಚಾಸ್ಟೇನ್ ಅಲ್ಲಿಯತನಕ ಹಿಂದಿನ ಸಾಲಿನಲ್ಲೇ ಓಡಿಸುತ್ತಿದ್ದವನು. ಚಿಪ್ ಗನಾಸಿಯ ಬಲವಾದ ತಂಡ ಮೂರು ಪಂದ್ಯಗಳ ಮಟ್ಟಿಗೆ ಆತನ ಕೈಗೆ ಒಳ್ಳೆಯ ಕಾರು ಕೊಟ್ಟಿತು. ಡಾರ್ಲಿಂಗ್ಟನ್ನಿನಲ್ಲಿ ಆತ ಮೊದಲ ಸ್ಥಾನದಿಂದ ಹೊರಟು 90 ಸುತ್ತು ಎಲ್ಲರಿಗಿಂತ ಮುಂದಿದ್ದ. ಹಿಂದೆ ಇದ್ದವರಲ್ಲಿ ಕಪ್ ಸರಣಿಯ ಮಾಜಿ ವಿಜೇತರೂ ಇದ್ದರು. ಮುಂದಾಳುತನಕ್ಕಾಗಿ ಹಾರ್ವಿಕ್‌ನೊಡನೆ ಸೆಣಸುವಾಗ ಕಾರುಗಳು ತಗುಲಿ, ಕಡೆಗೆ 25ನೆಯವನಾದ. ಆದರೆ ಈತ ಯಾರೆಂದು ಅಂದು ಎಲ್ಲರಿಗೂ ತಿಳಿಯಿತು. ಹಿರಿಯರು ಕಣದಲ್ಲಿದ್ದುದರಿಂದಲೇ ಆ ಓಟಕ್ಕೆ ಬೆಲೆ ಬಂದಿತೆಂಬುದನ್ನೂ ಒಪ್ಪಲೇಬೇಕು. ಎರಡು ವಾರಗಳ ಬಳಿಕ ಲಾಸ್ ವೇಗಾಸಿನಲ್ಲಿ ಆತ ಗೆದ್ದ. ಕಲ್ಲಂಗಡಿಯೊಂದನ್ನು ನೆಲಕ್ಕೆ ಅಪ್ಪಳಿಸಿ ಸಂತೋಷಪಟ್ಟ. ಮರುವರ್ಷಕ್ಕೆ ಗೊತ್ತಾಗಿದ್ದ ಆಸನ ಪ್ರಾಯೋಜಕರ ಕುಸಿತದಿಂದ ಕೈತಪ್ಪಿದರೂ, 2022ರಲ್ಲಿ ಕಪ್ ಪಂದ್ಯವನ್ನೇ ಗೆದ್ದ.

ಇನ್ನು ಎಲ್ಲರ ಬೈಗುಳಕ್ಕೆ ಗುರಿಯಾದ ಕೈಲ್ ಬುಷ್‌ನ ವಿಷಯದಲ್ಲಿಯೂ ನ್ಯಾಯವಾದ ಮಾತು ಆಡಬೇಕು. 2010ರಲ್ಲಿ ಟ್ರಕ್ ಸರಣಿಗೆ ಇಳಿದ ಆತನ ಸ್ವಂತ ತಂಡ ಅನೇಕ ತರುಣರಿಗೆ ಏಣಿಯಾಯಿತು. ಎರಿಕ್ ಜೋನ್ಸ್ 2015ರಲ್ಲಿ, ಕ್ರಿಸ್ಟಫರ್ ಬೆಲ್ 2017ರಲ್ಲಿ ಅದೇ ತಂಡದಿಂದ ಪಟ್ಟ ಪಡೆದರು. 1963ರಲ್ಲಿ ವೆಂಡೆಲ್ ಸ್ಕಾಟ್ ಗೆದ್ದ ಬಳಿಕ ಐವತ್ತು ವರ್ಷ ಯಾವ ಕರಿಯ ಚಾಲಕನಿಗೂ ನ್ಯಾಸ್ಕಾರಿನ ರಾಷ್ಟ್ರೀಯ ಪಂದ್ಯದಲ್ಲಿ ಜಯ ದೊರೆತಿರಲಿಲ್ಲ. 2013ರಲ್ಲಿ ಮಾರ್ಟಿನ್ಸ್‌ವಿಲ್ಲಿನಲ್ಲಿ ಆ ಬರವನ್ನು ಕಳೆದ ಬಬ್ಬಾ ವ್ಯಾಲೇಸ್ ಓಡಿಸಿದ್ದೂ ಬುಷ್‌ನ ಟ್ರಕ್ಕನ್ನೇ. ಒಂದು ಕೈ ಶನಿವಾರದ ಬಹುಮಾನ ಬಾಚುತ್ತಿದ್ದಾಗ ಇನ್ನೊಂದು ಕೈ ಹೊಸಬರಿಗೆ ವಾಹನ ಒದಗಿಸುತ್ತಿತ್ತು.

ಆದ್ದರಿಂದ ಹಿರಿಯರಿಗೆ ಬಾಗಿಲು ಮುಚ್ಚುವುದು ಸರಿಯಲ್ಲ. ಹಾಗೆ ಮಾಡಿದರೆ ಕಿರಿಯರ ಗೆಲುವಿಗೆ ಒರೆಗಲ್ಲೇ ಇಲ್ಲವಾಗುತ್ತದೆ. ಆದರೆ ಒರೆಗಲ್ಲು ದಿನವೂ ಉಜ್ಜಿದರೆ ಚಿನ್ನವೇ ಸವೆದುಹೋಗುತ್ತದೆ. ವರ್ಷಕ್ಕೆ ಕೆಲವೇ ಬಾರಿ ಬರಲಿ, ಪಟ್ಟವನ್ನು ಬಯಸದಿರಲಿ. ಎಲ್ಲಕ್ಕಿಂತ ಮಿಗಿಲಾಗಿ, ತಾನೇರುವಂಥ ಕಾರು ಒಬ್ಬ ತರುಣನಿಗೂ ದೊರೆಯುವಂತೆ ನೋಡಿಕೊಳ್ಳಲಿ. ಹಿರಿಯನ ಪಾಲಿಗೆ ಶನಿವಾರದ ಜಯ ಪಟ್ಟಿಗೆ ಸೇರುವ ಮತ್ತೊಂದು ಅಂಕಿ. ತರುಣನಿಗೆ ಅದು ಮುಂದಿನ ವರ್ಷದ ಅನ್ನ.