ಮಿತಿಯೊಳಗಿನ ಸಂಚಾರ

ಗೃಹಸ್ಥರಿಗೆ ವಿಹಿತವಾದ ವ್ರತಗಳಲ್ಲಿ ದೇಶವ್ರತವೂ ಒಂದು. ಇಷ್ಟು ಕಾಲ, ಇಷ್ಟು ದೂರ ಎಂದು ಸಂಚಾರಕ್ಕೆ ಎಲ್ಲೆ ಗೊತ್ತುಮಾಡಿಕೊಳ್ಳುವುದು ಅದರ ತಾತ್ಪರ್ಯ. ಮಲೆನಾಡಿನ ಪಟ್ಟಣವೊಂದರ ಜವಳಿ ವ್ಯಾಪಾರಿಯೊಬ್ಬರು ಈ ವ್ರತವನ್ನು ತೊಡದೆಯೇ ನಲವತ್ತು ವರ್ಷ ಪಾಲಿಸಿದರೆಂದು ಅವರ ಪತ್ನಿ ನಗುತ್ತ ಹೇಳುವುದುಂಟು. ತಿಂಗಳಿಗೊಮ್ಮೆ ಬೆಂಗಳೂರಿಗೆ ಬಂದರೂ ಅವರ ಬೆಂಗಳೂರು ಚಿಕ್ಕಪೇಟೆಯನ್ನು ದಾಟಿರಲಿಲ್ಲ. ಬೆಳಗ್ಗೆ ಬಸ್ಸಿಳಿದು, ಸರಕು ಕಟ್ಟಿಸಿ, ರಾತ್ರಿಯ ಬಸ್ಸಿಗೆ ಮರಳುವುದು. ಪತ್ನಿಯನ್ನು ಒಮ್ಮೆಯೂ ಕರೆತಂದವರಲ್ಲ. ಆ ನಗೆಯಲ್ಲಿ ನಗೆಯಷ್ಟೇ ಇರಲಿಲ್ಲವೆಂದು ಸಂಸಾರಸ್ಥರಾದ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಂಗಡಿಯನ್ನು ಮಗನಿಗೊಪ್ಪಿಸಿದ ಮೇಲೆ, 2017ರ ಡಿಸೆಂಬರಿನಲ್ಲಿ, ದಂಪತಿಗಳು ಮೂರು ದಿನದ ಮಟ್ಟಿಗೆ ಬೆಂಗಳೂರಿಗೆ ಬಂದರು. ಪತ್ನಿಯದು ಅನಸ್ತಮಿತ ನಿಯಮ; ಸೂರ್ಯಾಸ್ತದ ಅನಂತರ ಆಹಾರವಿಲ್ಲ. ಈರುಳ್ಳಿ, ಗೆಡ್ಡೆಗೆಣಸು ವರ್ಜ್ಯ. ವ್ಯಾಪಾರದ ಓಡಾಟದಲ್ಲಿ ಪತಿಯ ನಿಯಮಗಳು ಸಡಿಲಗೊಂಡಿದ್ದವು. 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್‌ನಲ್ಲಿ ರವೆ ಇಡ್ಲಿ ತಿನ್ನಬೇಕೆಂಬುದು ಅವರ ಬಹುದಿನದ ಬಯಕೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವದಿಂದ ಹುಟ್ಟಿದ ತಿಂಡಿಯೆಂದು ಆ ಸಂಸ್ಥೆಯವರು ಹೇಳಿಕೊಳ್ಳುವ ಪದಾರ್ಥವದು. ಇಡ್ಲಿಯೊಡನೆ ಆಲೂಗಡ್ಡೆಯ ಸಾಗುವೂ ಬಂದಿತು. ಪತ್ನಿ ಸಾಗು ಬೇಡವೆಂದು ತುಪ್ಪದಲ್ಲಿಯೇ ತೃಪ್ತರಾದರು. ಪತಿ ಕ್ಷಣಕಾಲ ನೋಡಿ ತಮ್ಮ ಬಟ್ಟಲನ್ನು ಉಳಿಸಿಕೊಂಡರು. ಆಕೆ ಮಾತೆತ್ತಲಿಲ್ಲ. ತನ್ನ ವ್ರತವು ಎದುರಿಗೆ ಕುಳಿತವರನ್ನು ಅಳೆಯುವ ಕೋಲಲ್ಲವೆಂಬುದು ಆಕೆಯ ನಿಲುವು. ಶ್ರಾವಕರ ಮನೆಗಳಲ್ಲಿಯೂ ಇಂತಹ ಮೌನ ವಿರಳವೇ.

ಮಧ್ಯಾಹ್ನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದರು. 1865ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯಲ್ಲಿ ಅವರನ್ನು ಬಹುಹೊತ್ತು ನಿಲ್ಲಿಸಿದ್ದು ಆತಕೂರಿನ ಶಾಸನ. 949ರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನು, ಒಡೆಯನು ಮೆಚ್ಚಿ ಬೇಡಿದ್ದನ್ನು ಕೇಳೆಂದಾಗ, ಕಾಳಿಯೆಂಬ ಬೇಟೆನಾಯಿಯನ್ನು ಬೇಡಿದನು. ಮುಂದೆ ಆ ನಾಯಿಯನ್ನು ಕಾಡುಹಂದಿಯೊಂದರ ಮೇಲೆ ಬಿಡಲಾಗಿ, ಎರಡೂ ಹೋರಾಡಿ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು, ಪೂಜೆಗೆ ಭೂಮಿ ದತ್ತಿಯಾಯಿತು. ಹೊನ್ನನ್ನು ಬಿಟ್ಟು ನಾಯಿಯನ್ನು ಬೇಡಿದವನ ನಿಸ್ಪೃಹತೆಗೆ ಪತಿ ತಲೆದೂಗಿದರು. ಪತ್ನಿಯ ದೃಷ್ಟಿ ಮೇಲೆ ಕೆತ್ತಿದ್ದ ಹಂದಿಯ ಮೇಲಿತ್ತು. “ಇದಕ್ಕೆ ಹೆಸರಿಲ್ಲವೆ?” ಎಂದರು.

ಶಾಸನದ ಕೊನೆಯಲ್ಲಿ ವಿಚಿತ್ರವಾದ ಮಾತೊಂದಿದೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆಯಂತೆ. ಕೊಂಡಾಡಿದವರೇ ಕಾಳಿಗೊಂದು ಪಾಪವಿತ್ತೆಂದೂ ಬರೆಸಿದರು! ಪತಿ ಇದನ್ನು ವಿವರಿಸಿದಾಗ ಪತ್ನಿ, “ನಾಯಿಯದು ಸರಿ, ಬಿಟ್ಟವನದು?” ಎಂದು ಕೇಳಿದರು. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಅನುಮೋದಿಸಿದ್ದು, ಈ ಮೂರನ್ನೂ ಲೆಕ್ಕಕ್ಕೆ ಹಿಡಿಯುವ ಪರಂಪರೆಯಲ್ಲಿ ಬೆಳೆದವರಿಗೆ ಈ ಪ್ರಶ್ನೆ ಸಹಜವೇ. ಲೆಕ್ಕಪುಸ್ತಕದಲ್ಲಿ ಪಳಗಿದ ಪತಿಗೆ ಉತ್ತರ ಹೊಳೆಯಲಿಲ್ಲ. ಕಬ್ಬನ್ ಪಾರ್ಕಿನ ನೆರಳಿನಲ್ಲಿ ಇಬ್ಬರೂ ಸುಮ್ಮನೆ ನಡೆದರು. ಆಕೆ ಹುಲ್ಲನ್ನು ಬಿಟ್ಟು ದಾರಿಯಲ್ಲಿ, ಕೆಲವು ಹೆಜ್ಜೆಗಳ ಅನಂತರ ಅವರೂ ದಾರಿಯಲ್ಲಿ.

ಮೂರನೆಯ ದಿನ ಲಾಲ್‌ಬಾಗ್. 1889ರ ಗಾಜಿನ ಮನೆಯನ್ನು ನೋಡಿ, ಸುಮಾರು 300 ಕೋಟಿ ವರ್ಷ ಹಳೆಯದೆನ್ನುವ ಬಂಡೆಯ ಮೇಲೆ ಕುಳಿತರು. ಡಿಸೆಂಬರಿನ ಹೊತ್ತು ಆರರ ಸುಮಾರಿಗೆ ಮುಳುಗುವುದರಿಂದ ಪತ್ನಿ ಐದು ಗಂಟೆಗೇ ಡಬ್ಬಿ ತೆರೆದರು. ಪತಿ ಅಂದು ಹೋಟೆಲಿನ ಮಾತೆತ್ತದೆ ಅದರಲ್ಲಿಯೇ ಪಾಲು ಪಡೆದು, ರಾತ್ರಿಯ ಬಸ್ಸಿನ ಟಿಕೆಟ್ಟುಗಳನ್ನು ಜೇಬಿನಿಂದ ತೆಗೆದು, “ಮೈಸೂರು ನೋಡಿದ್ದೀಯಾ?” ಎಂದರು. ಕೇಳಬೇಕಾದ ಪ್ರಶ್ನೆಯೇ ಅಲ್ಲ ಅದು.

ಮರುದಿನ ರೈಲು ಮದ್ದೂರಿನಲ್ಲಿ ನಿಂತಾಗ ವಡೆಯವರು ಬಂದರು. ಈರುಳ್ಳಿಯ ವಡೆ, ಪತಿ ಒಂದನ್ನು ಮಾತ್ರ ಕೊಂಡರು. ಆತಕೂರು ಇದೇ ತಾಲ್ಲೂಕಿನದೆಂದು ಕೇಳಿದ್ದ ಪತ್ನಿ, ಕಿಟಕಿಯಿಂದ ಹೊರಗೆ ನೋಡುತ್ತ, ಅದು ಯಾವ ದಿಕ್ಕಿಗೆಂದು ವಡೆಯವನನ್ನೇ ವಿಚಾರಿಸುತ್ತಿದ್ದರು.