ಕರಡಿಗೂ ಹಲ್ಲಿಲ್ಲ

ಹೊಸಪೇಟೆಯ ಸೋದರಮಾವನ ಮನೆಗೆ ಹೋದರೆ ಮೂರನೆಯ ದಿನಕ್ಕೆ ಮಾತು ಕರಡಿಗೆ ಬಂದು ನಿಲ್ಲಲೇಬೇಕು. ಮೊದಲ ದಿನ ಡ್ಯಾಮಿನ ನೀರು, ಎರಡನೆಯ ದಿನ ಬಂಧುಬಳಗದಲ್ಲಿ ಇನ್ನೂ ಮದುವೆಯಾಗದವರ ಲೆಕ್ಕ, ಮೂರನೆಯ ದಿನ ಕರಡಿ. “ಹಂಪಿ ಯಾವಾಗ ಬೇಕಾದ್ರೂ ನೋಡಬಹುದವ್ವಾ. ಕಲ್ಲು ಎಲ್ಲಿ ಎದ್ದು ಹೋಗ್ತಾವು? ಕರಡಿ ಹಂಗಲ್ಲ, ಅದರ ಮನಸ್ಸು ಬಂದಾಗ ಬರ್ತೈತಿ.” ಮಾವ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತನಾದವನು. ಮೂವತ್ತು ವರ್ಷ ಮಕ್ಕಳ ಕೈಲಿ ಹೂಜಿ, ಮಾವಿನಕಾಯಿ ಬರೆಸಿದ್ದಕ್ಕೆ ಪ್ರಾಯಶ್ಚಿತ್ತವೋ ಎಂಬಂತೆ ಈಗ ಮನೆಗೆ ಬಂದವರಿಗೆಲ್ಲ ಕರಡಿ ತೋರಿಸುತ್ತಾನೆ.

ಇಷ್ಟು ವರ್ಷ ಏನೇನೋ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಈ ಸಲ ಬೇಸಿಗೆ ರಜೆಯಲ್ಲಿ ಮಕ್ಕಳು ಜೊತೆಗಿದ್ದರು, ನೆಪ ಮುಗಿದಿತ್ತು. ಏಪ್ರಿಲ್ ತಿಂಗಳ ಮಧ್ಯಾಹ್ನ, ಮನುಷ್ಯರೆನಿಸಿಕೊಂಡವರೆಲ್ಲ ಫ್ಯಾನಿನ ಕೆಳಗೆ ಮಲಗುವ ಹೊತ್ತಿನಲ್ಲಿ, ಕಮಲಾಪುರ ದಾಟಿ ದರೋಜಿ ಕರಡಿಧಾಮದ ದಾರಿ ಹಿಡಿದೆವು. ಮಾವನ ತೊಡೆಯ ಮೇಲೆ ಒಗ್ಗರಣೆ ಮಂಡಕ್ಕಿಯ ಪೊಟ್ಟಣ, ಬಾಯಲ್ಲಿ ಜಾಂಬವಂತನ ವಂಶಾವಳಿ. ಹೊಳೆಯಾಚೆಯ ಆನೆಗೊಂದಿಯೇ ಕಿಷ್ಕಿಂಧೆ ಎಂದ ಮೇಲೆ ಈಚೆಯ ಗುಡ್ಡದ ಕರಡಿಗಳೆಲ್ಲ ಜಾಂಬವಂತನ ಮರಿಮೊಮ್ಮಕ್ಕಳಲ್ಲದೆ ಇನ್ನಾರು? ಅದೇ ಜಾಂಬವಂತ ದ್ವಾಪರದಲ್ಲಿ ಶ್ಯಮಂತಕ ಮಣಿಯ ಜೊತೆ ಮಗಳು ಜಾಂಬವತಿಯನ್ನೂ ಕೃಷ್ಣನಿಗೆ ಕೊಟ್ಟ. “ಅಂದ್ರೆ ಕರಡಿ ಕೃಷ್ಣಂಗೆ ಏನಾಗ್ಬೇಕು? ಮಾವ!” ಎಂದು ತನ್ನ ಎದೆಯನ್ನೇ ತಟ್ಟಿಕೊಂಡ. ಮಾವನ ಕಿವಿಯೊಳಗೆ ಹುಲುಸಾಗಿ ಬೆಳೆದ ಕೂದಲನ್ನು ನನ್ನ ಮಗ ಹೊಸ ಗೌರವದಿಂದ ನೋಡಿದ.

ನನಗಿದ್ದ ಚಿಂತೆ ಬೇರೆ. ವೀಕ್ಷಣಾ ಗೋಪುರದಲ್ಲಿ ಪಿಟ್ಟೆನ್ನಬಾರದಂತೆ. ಹನ್ನೊಂದರ ಮಗಳು ಹೇಗೋ ಸುಮ್ಮನಿದ್ದಾಳು, ಏಳರ ಮಗನನ್ನು ಅಲ್ಲಿ ಕೂರಿಸುವುದೆಂದರೆ ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆಯೇ. ಆ ಗಾದೆಯ ಕರಡಿ ಪ್ರಾಣಿಯೇ ಅಲ್ಲ, ಕರಡಿ ಎಂಬ ಚರ್ಮವಾದ್ಯ, ಪೂಜೆಯ ಹೊತ್ತಿನಲ್ಲಿ ಅದನ್ನು ಬಾರಿಸದೆ ಬಿಟ್ಟರೆ ಆಗುವ ಅಪಚಾರ ಅದು ಎಂದು ಹೈಸ್ಕೂಲಿನ ಕನ್ನಡ ಮೇಷ್ಟ್ರು ಹೇಳಿದ ನೆನಪು. ಕರಡಿ ಮಜಲು ಕೇಳಿ ಬೆಳೆದವರಿಗೆ ಇದು ನಂಬಲಾರದ ಮಾತೇನಲ್ಲ. ಆದರೂ ಮಂಗಳಾರತಿಯ ಹೊತ್ತಿಗೆ ನಿಜವಾದ ಕರಡಿಯೊಂದು ಒಳನುಗ್ಗಿ ಭಕ್ತಾದಿಗಳೆಲ್ಲ ಕಂಬ ಏರುವ ಚೆಂದವನ್ನು ಒಂದು ವಾದ್ಯಕ್ಕೆ ಬಿಟ್ಟುಕೊಡಲು ನನಗಂತೂ ಮನಸ್ಸಿಲ್ಲ.

ಗೋಪುರದಿಂದ ಕಾಣುವುದು ಎದುರಿನ ಬಂಡೆಗುಡ್ಡ. ಯಾರೋ ಅಸಾಧ್ಯ ತಾಳ್ಮೆಯಿಂದ ಒಂದರ ಮೇಲೊಂದು ಪೇರಿಸಿಟ್ಟಂಥ, ನಮ್ಮ ಕಡೆಯವರು ತಿರುಗಿಯೂ ನೋಡದ ಕಲ್ಲುಗಳು. ನಡುವೆ ಕುರುಚಲು ಕಾಡು. ಮಧ್ಯಾಹ್ನ ಅರಣ್ಯ ಇಲಾಖೆಯವರು ಆ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಹೋಗುತ್ತಾರೆ, ಬಿಸಿಲು ಇಳಿದ ಮೇಲೆ ಕರಡಿಗಳು ನೆಕ್ಕಲು ಬರುತ್ತವೆ. ಇದು ತಿಳಿದದ್ದೇ ಮಗಳ ಹುಬ್ಬು ಗಂಟಾಯಿತು. “ಇದು ಚೀಟಿಂಗ್ ಅಲ್ವಾ ತಾತಾ? ಬೆಲ್ಲ ಕೊಟ್ಟು ಕರೆಸೋದು?”

“ನಿಮ್ಮಮ್ಮ ಫೋನು ಕೊಟ್ಟು ನಿಮ್ಗೆ ಉಣ್ಣಸಂಗಿಲ್ಲೇನು?” ಎಂದ ಮಾವ. ನಾನು ದುರ್ಬೀನು ಒರೆಸತೊಡಗಿದೆ.

ಮಗನನ್ನು ಸುಮ್ಮನಿರಿಸಲು ನನ್ನ ಬಳಿ ಇದ್ದದ್ದು ಒಂದೇ ಅಸ್ತ್ರ. ಅವನಿಗೆ ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಬಿದ್ದಿವೆ. ಕರಡಿಗೂ ಅಲ್ಲಿ ಎರಡು ಹಲ್ಲಿಲ್ಲ ಎಂದು ಅವನ ಕಿವಿಯಲ್ಲಿ ಉಸುರಿದೆ. ನಮ್ಮ ಕರಡಿಗೆ ಆ ಸಂದು ಬೇಕೇ ಬೇಕು. ಉಗುರಿನಿಂದ ಹುತ್ತ ಒಡೆದು, ಮಣ್ಣು ಒಳಹೋಗದಂತೆ ಮೂಗಿನ ಹೊಳ್ಳೆ ಮುಚ್ಚಿಕೊಂಡು, ತುಟಿಯನ್ನು ಕೊಳವೆ ಮಾಡಿ ಗೆದ್ದಲನ್ನು ಹೀರುವುದು ಆ ಸಂದಿನಿಂದಲೇ. ಹೀರುವ ಸದ್ದು ನೂರು ಮೀಟರ್ ಆಚೆಗೂ ಕೇಳುತ್ತದಂತೆ. ಈ ಹಲ್ಲು, ಈ ಉಗುರು ನೋಡಿಯೇ 1791ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಮೋಸಹೋಗಿ, ಇದನ್ನು ದಕ್ಷಿಣ ಅಮೆರಿಕದ ಮರಗಳಲ್ಲಿ ತಲೆಕೆಳಗಾಗಿ ಜೋತುಬೀಳುವ ಸ್ಲಾತ್ ಎಂಬ ಮೈಗಳ್ಳ ಪ್ರಾಣಿಯ ಕುಲಕ್ಕೆ ಸೇರಿಸಿಬಿಟ್ಟ. ತಪ್ಪು ತಿದ್ದಿದರೂ ಹೆಸರು ಅಳಿಯಲಿಲ್ಲ, ಇಂಗ್ಲಿಷಿನಲ್ಲಿ ನಮ್ಮ ಕರಡಿ ಇವತ್ತಿಗೂ ಸ್ಲಾತ್ ಬೇರ್. ಈ ಭಾಗ ಮಗನಿಗೆ ಬೇಕಿರಲಿಲ್ಲ. ಅವನು ಆಗಲೇ ತುಟಿ ಚೂಪು ಮಾಡಿಕೊಂಡು ಪೊಟ್ಟಣದ ಮಂಡಕ್ಕಿಯನ್ನು ಒಂದೊಂದಾಗಿ, ಸದ್ದಿಲ್ಲದೆ, ಆ ಸಂದಿನಿಂದ ಹೀರುತ್ತಿದ್ದ. ಮುಕ್ಕಾಲು ಗಂಟೆ ಸಂದಿತು.

ಪೂಜೆ ಕೆಡಿಸಿದ್ದು ಅವನಲ್ಲ. ನವಿಲು ಬಂದು ಹೋಯಿತು, ಮುಂಗುಸಿ ಬಂದು ಬೆಲ್ಲ ಮೂಸಿತು, ಹಿಂದಿನಿಂದ ಗುಡುಗಿನಂಥದ್ದು ಶುರುವಾಯಿತು. ಕಂಬಕ್ಕೆ ಒರಗಿ ಮಾವ ಗೊರಕೆ ಹೊಡೆಯುತ್ತಿದ್ದ. ದೊಡ್ಡ ಕ್ಯಾಮೆರಾ ಹಿಡಿದ ಒಬ್ಬರು ತಿರುಗಿ ನನ್ನನ್ನು ದುರುಗುಟ್ಟಿದರು. ಮಕ್ಕಳಾದರೆ ಗದರಬಹುದು, ಎಪ್ಪತ್ತು ದಾಟಿದ ಮಾವನಿಗೆ ಏನೆನ್ನುವುದು? ಮಗಳು ಎದ್ದುಹೋಗಿ ತಾತನ ಮೂಗು ಹಿಡಿದಳು. ಗೊರಕೆ ನಿಂತ ಆ ಗಳಿಗೆಯಲ್ಲೇ ಎದುರಿನ ಬಂಡೆಯ ನೆರಳಿನ ಒಂದು ತುಂಡು ಕಳಚಿಕೊಂಡು ನಡೆಯತೊಡಗಿತು.

ಬರಿಗಣ್ಣಿಗೆ ಅದು ಹೆಬ್ಬೆರಳಿನಷ್ಟೂ ಇರಲಿಲ್ಲ. ದುರ್ಬೀನಿನಲ್ಲಿ ಕಂಡದ್ದು ತಾಯಿ ಕರಡಿ. ಬೆನ್ನಿನ ಜೂಲು ಹಿಡಿದುಕೊಂಡು ಒಂದು ಮರಿ, ಸಂತೆಗೆ ಹೊರಟ ಗೌಡನ ಠೀವಿಯಲ್ಲಿ ಕೂತಿತ್ತು.

“ಅಮ್ಮಾ, ನೀನು ಕೂತಿದ್ದೂ ಹಿಂಗೇನಾ?” ಮಗನ ಪಿಸುದನಿ.

ಹೌದು, ನಾನೂ ಕರಡಿಯ ಮೇಲೆ ಕೂತವಳು. ನಮ್ಮ ಮನೆಯಲ್ಲಿ ಇದು ಎಷ್ಟು ಸಲ ಹೇಳಿ ಸವೆದ ಕತೆಯೆಂದರೆ ಮಕ್ಕಳಿಗೆ ಅಜ್ಜಿಯ ಮಾತುಗಳೂ ಬಾಯಿಪಾಠ. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಓಣಿಯ ತುದಿಯಲ್ಲಿ ಡಮರು ಕೇಳುತ್ತಿತ್ತು. ಕರಡಿ ಸಾಬ ಬಂದ ಎಂದು ನಾಯಿಗಳು ಊರಿಗೆಲ್ಲ ಸಾರುತ್ತಿದ್ದವು. ರಾತ್ರಿ ಬೆಚ್ಚಿ ಚೀರುತ್ತಿದ್ದ ನನ್ನನ್ನು ಅಜ್ಜಿ ರಟ್ಟೆ ಹಿಡಿದು ಎಳೆತಂದು, “ಕುಂದರಸಪಾ ಒಂದ್ ಸುತ್ತು, ಅಂಜಿಕಿ ಬಿಡ್ಲಿ” ಎನ್ನುತ್ತಿದ್ದಳು. ಒಂದು ಸುತ್ತಿಗೆ ಎಂಟಾಣೆ. ಕರಡಿಯ ಕೂದಲಿಗೆ ಬೇರೆ ಕಾಸು, ಅದರಲ್ಲಿ ಅಜ್ಜಿಯ ಚೌಕಾಸಿ. ಕೂದಲು ತಾಯಿತದೊಳಗೆ ಸೇರಿ ಹೈಸ್ಕೂಲಿನವರೆಗೂ ನನ್ನ ತೋಳಿನಲ್ಲಿತ್ತು. ಜೂಲು ಒರಟು, ಒದ್ದೆ ಕಂಬಳಿಯ ವಾಸನೆ. ಅಂಜಿಕೆ ಬಿಟ್ಟದ್ದೂ ನಿಜ, ಕರಡಿಯ ಮೇಲೆ ಕೂತವಳು ಕತ್ತಲೆಗೆ ಹೆದರುವುದು ಶೋಭೆಯಲ್ಲ ಎಂದು ನನಗೇ ಅನ್ನಿಸಿತ್ತು.

ವನ್ಯಜೀವಿ ಕಾಯ್ದೆ 1972ರಲ್ಲೇ ಬಂದಿತ್ತು. ನಮ್ಮ ಓಣಿಗೆ ಬಂದಿರಲಿಲ್ಲ, ಅಷ್ಟೆ. ತಾಯಿಯನ್ನು ಕೊಂದು ಮರಿ ಹಿಡಿದು, ಕಾಸಿದ ದಬ್ಬಣದಿಂದ ಮೂಗು ಚುಚ್ಚಿ, ಹಲ್ಲು ಮುರಿದು ಪಳಗಿಸುತ್ತಿದ್ದರೆಂಬುದನ್ನು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಕರಡಿ ಕುಣಿಸುತ್ತಿದ್ದ ಆ ಕಲಂದರರೂ ಹೊಟ್ಟೆಗೆ ಗತಿಯಿಲ್ಲದವರು, ಬೈದು ಹಗುರಾಗುವಂತಿಲ್ಲ. 2009ರಲ್ಲಿ, ಕುಣಿಯುವ ಕರಡಿಗಳಲ್ಲಿ ಕೊನೆಯದೆಂದು ಹೇಳಲಾದದ್ದು ಬನ್ನೇರುಘಟ್ಟದ ರಕ್ಷಣಾ ಕೇಂದ್ರ ಸೇರಿದ ಸುದ್ದಿ ಬಂದಾಗ ತಾಯಿತ ಎಲ್ಲಿದೆಯೆಂದು ಹುಡುಕಿದೆ. ಸಿಗಲಿಲ್ಲ. ಮನೆಯಲ್ಲಿ ಕತೆಯನ್ನು ಮಾತ್ರ ಹಳೆಯ ಹಾಗೆಯೇ, ಅಜ್ಜಿಯ ದನಿ ಮಾಡಿ ಹೇಳುತ್ತಲೇ ಇದ್ದೇನೆ.

ಎದುರಿನ ಮರಿ ತಾಯಿಯ ಬೆನ್ನಿನಿಂದ ಜಾರಿ, ಬೆಲ್ಲ ನೆಕ್ಕಿ, ಮತ್ತೆ ಹತ್ತಿತು. ಕ್ಯಾಮೆರಾಗಳು ಪಟಪಟ ಎಂದವು. ಗುಡ್ಡದಾಚೆ ಇಬ್ಬರೂ ಮರೆಯಾಗುವವರೆಗೆ ಮಕ್ಕಳು ಅಲುಗಾಡಲಿಲ್ಲ.

ವಾಪಸು ಬರುವಾಗ ಕತ್ತಲಾಗಿತ್ತು. ಮಗಳು ನಿದ್ದೆ ಹೋದಳು. ಮಾವನೂ ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿದ್ದ. ಮಗ ಮಾತ್ರ ನಾಲಿಗೆಯಿಂದ ಹಲ್ಲಿನ ಸಂದು ತಡವುತ್ತಾ ಕೂತಿದ್ದ.

“ಅಮ್ಮಾ, ನೀನು ಕೂತ ಕರಡಿ ಯಾಕೆ ಓಡಿಹೋಗ್ಲಿಲ್ಲ?”

“ಹಗ್ಗ ಇತ್ತಲ್ಲ.”

“ಎಲ್ಲಿಗೆ ಕಟ್ಟಿದ್ರು?”

“ಕೊರಳಿಗೆ” ಎಂದೆ.

ಮಾವ ಒಂದು ಕಣ್ಣು ತೆರೆದು, ಕನ್ನಡಿಯಲ್ಲಿ ನನ್ನನ್ನು ನೋಡಿ, ಮತ್ತೆ ಮುಚ್ಚಿಕೊಂಡ.